ಮೂಡಿಗೆರೆಯ ಬೀರುವಿನಲ್ಲಿದ್ದ 1974ರ ಮಾರ್ಟಿನ್: ಬೆಲೆ ಕಟ್ಟಿದ್ದು, ನೆಕ್ ಬಿಚ್ಚಿದ್ದು

ಆಶ್ಲೇಷ ಮಳೆ ಹೊಡೆಯುತ್ತಿರುವಾಗ ಮೂಡಿಗೆರೆ ಕಡೆಯ ಎಸ್ಟೇಟ್ ಮನೆಯಲ್ಲಿ ಗಿಟಾರ್ ನೋಡಿ, ಕೂತಲ್ಲೇ ಬೆಲೆ ಹೇಳುವವನನ್ನು ನಂಬಬೇಡಿ. ಅವನು ಅಳೆಯುವುದರಲ್ಲಿ ಅರ್ಧ ಮರ, ಅರ್ಧ ಮಳೆ.

ನನ್ನ ಕೆಲಸ ಹಾಸನದಲ್ಲಿ, ಮನೆ ಹಿಂದಿನ ಒಂದು ಕೋಣೆಯಲ್ಲಿ. ಹಾರ್ಮೋನಿಯಂ ತಿದಿಗೆ ಚರ್ಮ ಹಾಕುವುದರಿಂದ ಹಿಡಿದು ಚರ್ಚಿನ ಹುಡುಗರ ಗಿಟಾರ್‌ಗಳ ತನಕ ಎಲ್ಲವೂ ಬರುತ್ತವೆ. ಅಂಥ ಒಬ್ಬ ಹುಡುಗನೇ ಈ ಸುದ್ದಿ ತಂದದ್ದು. ಅಮೆರಿಕದ ಮಾರ್ಟಿನ್ ಕಂಪನಿಯ ಡಿ-28 ಗಿಟಾರ್, ಎಪ್ಪತ್ತರ ದಶಕದ್ದಂತೆ, ಮೂಡಿಗೆರೆ ಹತ್ತಿರದ ತೋಟದ ಮನೆಯಲ್ಲಿ ಮಾರಾಟಕ್ಕಿದೆ, ನೀವು ಬಂದು ನೋಡಿ ಹೇಳಬೇಕು ಅಣ್ಣ ಅಂದ. ಹೊಸ ಡಿ-28 ನಮ್ಮ ದೇಶದಲ್ಲಿ ಮೂರು ಲಕ್ಷ ದಾಟುತ್ತದೆ. ಅವನ ಕೈಯಲ್ಲಿ ಅದರ ಅರ್ಧದಷ್ಟು ದುಡ್ಡಿತ್ತು.

ಮನೆಯ ಯಜಮಾನರು ತೀರಿಕೊಂಡಿದ್ದಾರೆ. ಅಮೆರಿಕದಲ್ಲಿ ಓದುವಾಗ ತೆಗೆದುಕೊಂಡಿದ್ದಂತೆ. ಅವರ ಹೆಂಡತಿ, ಎಪ್ಪತ್ತರ ಆಸುಪಾಸಿನ ಅಮ್ಮ, ಬೀರುವಿನಿಂದ ನೀಲಿ ಪ್ಲಾಸ್ಟಿಕ್ ಕೇಸ್ ತೆಗೆಸಿ ಜಗಲಿಯ ಮೇಜಿನ ಮೇಲೆ ಇಡಿಸಿದರು. "ಅವರು ಹೋದ ಮೇಲೆ ಯಾರೂ ಮುಟ್ಟಿಲ್ಲ ಕಣಪ್ಪ. ನಮ್ಮ ಅಣ್ಣನ ಮಗ ಐದು ಲಕ್ಷಕ್ಕೆ ಕಮ್ಮಿ ಕೊಡಬೇಡಿ ಅತ್ತೆ ಅಂದಿದಾನೆ. ಅದೇನೋ ಬ್ರೆಜಿಲ್ ಮರ ಅಂತೆ."

ಮೊದಲು ಈ ಬ್ರೆಜಿಲ್ ವಿಷಯ ಮುಗಿಸೋಣ, ಯಾಕೆಂದರೆ ಲಕ್ಷಗಳ ಲೆಕ್ಕ ಅಲ್ಲೇ ಇದೆ. ಪೆನ್ಸಿಲ್ವೇನಿಯಾದ ನಜರೆತ್ ಊರಿನ ಮಾರ್ಟಿನ್ ಕಂಪನಿ 1833ರಿಂದ ಗಿಟಾರ್ ಮಾಡುತ್ತಿದೆ. ಡಿ-28ರ ಬೆನ್ನಿಗೂ ಪಕ್ಕಗಳಿಗೂ 1969ರ ಕೊನೆಯ ತನಕ ಬ್ರೆಜಿಲಿನ ರೋಸ್‌ವುಡ್ ಹಾಕುತ್ತಿದ್ದರು. ಬ್ರೆಜಿಲ್ ಸರ್ಕಾರ ದಿಮ್ಮಿಗಳನ್ನು ಹೊರಗೆ ಕಳಿಸುವುದಕ್ಕೆ ತಡೆ ಹಾಕಿದ ಮೇಲೆ ಕಂಪನಿ ಭಾರತದ ರೋಸ್‌ವುಡ್ಡಿಗೆ ಬದಲಾಯಿತು. ಅಂದರೆ ನಮ್ಮ ಬೀಟೆ ಮರ. ಆ ಗೆರೆಯ ಹಿಂದಿನ ಗಿಟಾರಿಗೂ ಮುಂದಿನದಕ್ಕೂ ಬೆಲೆಯಲ್ಲಿ ಎರಡು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ಮರದ ಬಣ್ಣ, ಎಳೆ ನೋಡಿ ಹೇಳುತ್ತೇನೆ ಅನ್ನುವವರು ಇದ್ದಾರೆ. ನಾನು ನಂಬುವುದು ಒಳಗಿನ ನಂಬರನ್ನು.

ತಂತಿ ಸಡಿಲಿಸಿ, ಹಲ್ಲಿನ ಡಾಕ್ಟರ್ ಬಳಸುವಂಥ ಉದ್ದ ಹಿಡಿಯ ಕನ್ನಡಿ ಮತ್ತು ಸಣ್ಣ ಎಲ್‌ಇಡಿ ದೀಪ ಒಳಗೆ ಬಿಟ್ಟೆ. ನೆಕ್, ಅಂದರೆ ಗಿಟಾರಿನ ಉದ್ದನೆಯ ಕತ್ತು, ಬಂದು ಕೂರುವ ಒಳಗಿನ ಮರದ ತುಂಡಿನ ಮೇಲೆ ಡಿ-28 ಎಂದೂ, ಅದರ ಕೆಳಗೆ 34ರಿಂದ ಶುರುವಾಗುವ ಆರಂಕಿಯ ಸಂಖ್ಯೆಯೂ ಒತ್ತಿತ್ತು. ಬೆನ್ನಿನ ನಡುಪಟ್ಟಿಯ ಮೇಲೆ ಕಂಪನಿಯ ಸುಟ್ಟ ಮುದ್ರೆ ಇತ್ತು. ಮಾರ್ಟಿನ್ ಒಂದೊಂದು ವರ್ಷ ಎಲ್ಲಿಗೆ ನಂಬರ್ ನಿಲ್ಲಿಸಿತು ಅನ್ನುವ ಪಟ್ಟಿಯನ್ನು ತಾನೇ ಹೊರಗೆ ಬಿಟ್ಟಿದೆ. 1973 ಮುಗಿದದ್ದು 333873ಕ್ಕೆ, 1974 ಮುಗಿದದ್ದು 353387ಕ್ಕೆ. ಹಾಗಾಗಿ ಇದು 1974. ಬ್ರೆಜಿಲ್ ಮರವಲ್ಲ, ಬೀಟೆ. ಅಮ್ಮನಿಗೆ ಹೇಳಿದಾಗ ಅವರು ನಕ್ಕರು. "ಅಯ್ಯೋ, ನಮ್ಮ ತೋಟದಲ್ಲೇ ಬೇಕಾದಷ್ಟಿದೆ. ಫಾರೆಸ್ಟಿನವರ ಪರ್ಮಿಷನ್ ಇಲ್ಲದೆ ಒಂದು ಕೊಂಬೆ ಕಡಿಯೋ ಹಾಗಿಲ್ಲ, ಇದು ನೋಡಿದರೆ ಅಮೆರಿಕಕ್ಕೆ ಹೋಗಿ ಬಂದಿದೆ!"

ಬೀಟೆ ಅನ್ನುವುದರಲ್ಲಿ ಒಂದು ಲಾಭವೂ ಇದೆ. ಬ್ರೆಜಿಲಿನ ಮರ 1992ರಿಂದ, ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ, ಅದರ ಗಿಟಾರನ್ನು ಗಡಿ ದಾಟಿಸಬೇಕಾದರೆ ಕಾಗದಪತ್ರದ ಕಾಟ. ಆ ಜಾತಿಯ ಉಳಿದ ರೋಸ್‌ವುಡ್‌ಗಳನ್ನೆಲ್ಲ 2017ರ ಜನವರಿಯಲ್ಲಿ ಎರಡನೇ ಪಟ್ಟಿಗೆ ತಂದರಾದರೂ, ತಯಾರಾದ ವಾದ್ಯಗಳನ್ನು 2019ರ ನವೆಂಬರಿನಿಂದ ಅದರ ಹೊರಗಿಟ್ಟರು. ನಾಳೆ ಹುಡುಗ ಇದನ್ನು ಹೊರದೇಶಕ್ಕೆ ಒಯ್ದರೂ ಆ ತಲೆನೋವಿಲ್ಲ.

ಜಗಲಿಯ ಮೇಲಿನ ತಪಾಸಣೆ

ಅಸಲಿ ಹೌದೋ ಅಲ್ಲವೋ ಅನ್ನುವುದು ಹತ್ತು ನಿಮಿಷದ ಕೆಲಸ. ಸ್ಥಿತಿ ಹೇಗಿದೆ ಅನ್ನುವುದಕ್ಕೆ ಸಮಯ ಬೇಕು. ನನ್ನ ಚೀಲದಲ್ಲಿ ಇದ್ದದ್ದು: ಆ ಕನ್ನಡಿ, ದೀಪ, ಉದ್ದನೆಯ ಉಕ್ಕಿನ ಸ್ಕೇಲ್, ಸಣ್ಣ ಸಂದು ಅಳೆಯುವ ಫೀಲರ್ ಗೇಜ್, ಒಂದು ವಿಸಿಟಿಂಗ್ ಕಾರ್ಡ್, ಕಪ್ಪು ಬೆಳಕಿನ ಟಾರ್ಚ್, ತೇವಾಂಶದ ಮೀಟರ್.

ಟಾರ್ಚನ್ನು ಮೊದಲು ಹಿಡಿದೆ. ಹಳೆಯ ನೈಟ್ರೊ ಲ್ಯಾಕರ್ ಅದರ ಕೆಳಗೆ ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ, ಮೇಲೆ ಹೊಸದಾಗಿ ಪಾಲಿಶ್ ಹೊಡೆದಿದ್ದರೆ ಆ ಜಾಗ ಬೇರೆಯಾಗಿ ಕಾಣುತ್ತದೆ. ಇದರಲ್ಲಿ ತಲೆಯಿಂದ ಬುಡದ ತನಕ ಒಂದೇ ಹೊಳಪು. ಪೂರ್ತಿ ಮರುಪಾಲಿಶ್ ಆದ ಹಳೆಯ ಗಿಟಾರ್ ಅರ್ಧ ಬೆಲೆಗೆ ಇಳಿಯುವುದುಂಟು. ಮನೆಯ ಪೀಠೋಪಕರಣಗಳಿಗೆ ಪಾಲಿಶ್ ಮಾಡಿಸುವಾಗ "ಇದಕ್ಕೂ ಒಂದು ಕೈ ಹೊಡೆದುಬಿಡಿ" ಅಂದವರನ್ನು ನೋಡಿದ್ದೇನೆ. ಇಲ್ಲಿ ಯಾರಿಗೂ ಆ ಬುದ್ಧಿ ಬಂದಿರಲಿಲ್ಲ, ದೇವರ ದಯ.

ಟ್ಯೂನಿಂಗ್ ಕೀಲಿಗಳು ಬದಲಾಗಿದ್ದವು. ಮೂಲದ್ದು ಗ್ರೋವರ್ ಕಂಪನಿಯ ಮುಚ್ಚಿದ ಗೇರಿನವು ಇರಬೇಕಿತ್ತು, ಇರುವುದು ಯಾವುದೋ ಅಗ್ಗದ್ದು. ಸ್ಕ್ರೂ ತೂತು ಹೊಸದಾಗಿ ಕೊರೆದಿಲ್ಲ ಅನ್ನುವುದು ಸಮಾಧಾನ.

ಮುಖದ ಹಲಗೆ ಸ್ಪ್ರೂಸ್. ಅದರ ಮೇಲೆ, ಮೀಟುವಾಗ ಗೀರು ಬೀಳದಂತೆ ಅಂಟಿಸುವ ಕಪ್ಪು ಪ್ಲಾಸ್ಟಿಕ್ ಹಾಳೆಯ (ಪಿಕ್‌ಗಾರ್ಡ್) ಅಂಚಿಗೆ, ತಂತಿಗಳ ಬುಡ ಹಿಡಿದಿರುವ ಬ್ರಿಡ್ಜಿನಿಂದ ನಡುವಿನ ತೂತಿನ ಕಡೆಗೆ ಒಂದು ಸೀಳು. ಆ ಕಾಲದ ಮಾರ್ಟಿನ್‌ಗಳನ್ನು ನೋಡಿದವರಿಗೆ ಇದು ಹುಟ್ಟುಮಚ್ಚೆಯಷ್ಟು ಪರಿಚಿತ. ಆಗ ಪಿಕ್‌ಗಾರ್ಡನ್ನು ಲ್ಯಾಕರ್ ಹೊಡೆಯುವ ಮೊದಲೇ ಬರೀ ಮರಕ್ಕೆ ಅಂಟಿಸುತ್ತಿದ್ದರು. ವರ್ಷಗಳು ಕಳೆದಂತೆ ಪ್ಲಾಸ್ಟಿಕ್ ಕುಗ್ಗುತ್ತದೆ, ಮರವನ್ನೂ ಎಳೆಯುತ್ತದೆ, ಅಂಚಿನಲ್ಲಿ ಎಳೆ ಬಿಡುತ್ತದೆ. ಬಿದ್ದು ಆದ ಪೆಟ್ಟಲ್ಲ, ಹೆದರಬೇಕಾಗಿಲ್ಲ. ಬೆಲೆಯಲ್ಲಿ ಮಾತ್ರ ಕಳೆಯಬೇಕು.

ಬ್ರಿಡ್ಜಿನ ಹಿಂದಿನ ಅಂಚಿಗೆ ವಿಸಿಟಿಂಗ್ ಕಾರ್ಡಿನ ಮೂಲೆ ತೂರಿಸಿದೆ. ನಾಲ್ಕು ಮಿ.ಮೀ. ಒಳಗೆ ಹೋಯಿತು. ಅಂದರೆ ಅಂಟು ಬಿಡುತ್ತಾ ಬಂದಿದೆ. ಒಳಗಿನಿಂದ ಕನ್ನಡಿಯಲ್ಲಿ ನೋಡಿದರೆ ತಂತಿಯ ಗುಂಡುಗಳು ಕೂರುವ ರೋಸ್‌ವುಡ್ ಪಟ್ಟಿಯಲ್ಲಿ ಮೂರು ತೂತುಗಳು ಕಚ್ಚಿಹೋಗಿವೆ. ಬೆರಳಿನ ಗೆಣ್ಣಿನಿಂದ ಮುಖದ ಹಲಗೆಯನ್ನು ತಟ್ಟುತ್ತಾ ಹೋದೆ. ಒಳಗಿನ ಅಡ್ಡಪಟ್ಟಿ ಬಿಟ್ಟಿದ್ದರೆ ಒಡಕು ಸದ್ದು ಬರುತ್ತದೆ. ಎಲ್ಲೂ ಬರಲಿಲ್ಲ.

ಕೇಸಿನ ತಳದಲ್ಲಿ ಹಿಟ್ಟಿನಂಥ ಪುಡಿ ಇತ್ತು, ಅದನ್ನು ಕಂಡಾಗ ಎದೆ ಧಸಕ್ ಅಂದಿತು. ಕುಟ್ಟೆ ಹುಳ ಬಿದ್ದ ವಾದ್ಯಕ್ಕೆ ನಾನು ಬೆಲೆಯನ್ನೇ ಕಟ್ಟುವುದಿಲ್ಲ. ಆದರೆ ಗಿಟಾರಿನ ಒಳಗೆ, ಪಕ್ಕ ಸೇರುವ ಪಟ್ಟಿಗಳಲ್ಲಿ, ಎಷ್ಟು ಹುಡುಕಿದರೂ ಒಂದು ತೂತೂ ಸಿಗಲಿಲ್ಲ. ಬೀರುವಿನ ಮೇಲಿನ ಹಲಗೆಯನ್ನು ತಟ್ಟಿದಾಗ ಅಲ್ಲಿಂದ ಪುಡಿ ಉದುರಿತು. ಸಂದು ಬಿಟ್ಟಿದ್ದ ಕೇಸಿನೊಳಗೆ ಅಲ್ಲಿಂದಲೇ ಇಳಿದಿರಬೇಕು. ಆದರೂ ಆಮೇಲೆ ಅಂಗಡಿಯಲ್ಲಿ ಕರಿ ಕಾಗದ ಹಾಸಿ ಅದರ ಮೇಲೆ ಮಲಗಿಸಿ ಕಾದೆ. ಕಾಗದ ಕರಿಯಾಗಿಯೇ ಉಳಿಯಿತು.

ಇಷ್ಟೆಲ್ಲ ಆದ ಮೇಲೆ ಮುಖ್ಯ ಅಳತೆ. ಉಕ್ಕಿನ ಸ್ಕೇಲನ್ನು ಫ್ರೆಟ್‌ಗಳ, ಅಂದರೆ ನೆಕ್ ಮೇಲಿನ ಲೋಹದ ಅಡ್ಡಗೆರೆಗಳ ಮೇಲೆ ಉದ್ದಕ್ಕೆ ಮಲಗಿಸಿ ಬ್ರಿಡ್ಜಿನ ಕಡೆಗೆ ಚಾಚಬೇಕು. ನೆಕ್‌ನ ಕೋನ ಸರಿಯಾಗಿದ್ದರೆ ಸ್ಕೇಲಿನ ತುದಿ ಬ್ರಿಡ್ಜಿನ ನೆತ್ತಿಯನ್ನು ಸವರಿಕೊಂಡು ಹೋಗುತ್ತದೆ. ಇಲ್ಲಿ ಅದು ನೆತ್ತಿಗಿಂತ 4 ಮಿ.ಮೀ. ಕೆಳಗೆ ಬಡಿಯಿತು. ಆರನೇ ತಂತಿ ಹನ್ನೆರಡನೇ ಫ್ರೆಟ್ಟಿನಿಂದ 3.3 ಮಿ.ಮೀ. ಮೇಲೆ. ನುಡಿಸಲು ಹಿತವಾಗಬೇಕಾದರೆ 2.4ರ ಹತ್ತಿರ ಇರಬೇಕು. ಅಲ್ಲಿ 0.9 ಇಳಿಯಬೇಕು ಅಂದರೆ ಸ್ಯಾಡಲಿನಲ್ಲಿ, ಬ್ರಿಡ್ಜಿನ ಮೇಲೆ ತಂತಿ ಹೊರುವ ಸಣ್ಣ ಪಟ್ಟಿಯಲ್ಲಿ, ಅದರ ಎರಡರಷ್ಟು, 1.8 ತೆಗೆಯಬೇಕು. ಸ್ಯಾಡಲ್ ಬ್ರಿಡ್ಜಿನ ಮೇಲೆ ಉಳಿದಿರುವುದೇ 1.5. ಹಿಂದೆ ಯಾರೋ ಇದನ್ನೇ ಮಾಡುತ್ತಾ ಬಂದು, ಉಜ್ಜುವುದಕ್ಕೆ ಏನೂ ಉಳಿಯದ ಹಾಗೆ ಮಾಡಿದ್ದಾರೆ. ಬ್ರಿಡ್ಜನ್ನೇ ಸವೆಸಿಲ್ಲ ಅನ್ನುವುದು ಪುಣ್ಯ. ದಪ್ಪ ಅಳೆದೆ, 9 ಮಿ.ಮೀ. ಪೂರ್ತಿ ಇದೆ.

ಕೀಲಿ ತಿರುಗಿಸಿ ಸರಿಮಾಡುವ ದಾರಿ ಇಲ್ಲಿಲ್ಲ. ನೆಕ್ಕಿನ ಬಾಗು ತಿದ್ದಲು ತಿರುಗಿಸಬಹುದಾದ ಸರಳನ್ನು (ಟ್ರಸ್ ರಾಡ್) ಮಾರ್ಟಿನ್ ಹಾಕಲು ಶುರು ಮಾಡಿದ್ದು 1985ರಲ್ಲಿ. 1974ರ ನೆಕ್ಕಿನೊಳಗೆ ಇರುವುದು ಚೌಕಾಕಾರದ ಉಕ್ಕಿನ ಕೊಳವೆ, ಅದು ಇದ್ದಂತೆ ಇರುತ್ತದೆ. ಅದೃಷ್ಟಕ್ಕೆ ನೆಕ್ ಬಾಗು 0.3 ಮಿ.ಮೀ. ಒಳಗೇ ಇತ್ತು. ತೊಂದರೆ ಇರುವುದು ನೆಕ್ ದೇಹಕ್ಕೆ ಸೇರುವ ಕೋನದಲ್ಲಿ. .012 ಇಂಚಿನಿಂದ ಶುರುವಾಗುವ ಲೈಟ್ ಸೆಟ್ ತಂತಿಗಳು ಎಪ್ಪತ್ತು ಕೆಜಿಗೂ ಹೆಚ್ಚು ಬಲದಿಂದ ಎಳೆಯುತ್ತವೆ. ಐವತ್ತು ವರ್ಷ ಎಳೆಸಿಕೊಂಡ ಗಿಟಾರಿಗೆ ನೆಕ್ ರೀಸೆಟ್, ಅಂದರೆ ನೆಕ್ ಬಿಚ್ಚಿ ಕೋನ ತಿದ್ದಿ ಮತ್ತೆ ಕೂರಿಸುವುದು, ಬೇಕಾಗುವುದರಲ್ಲಿ ಅವಮಾನವೇನೂ ಇಲ್ಲ, ಆದರೆ ಮಾರುವವರು ಅದನ್ನು ಬೆಲೆಯಲ್ಲಿ ಲೆಕ್ಕ ಹಾಕುವುದಿಲ್ಲ, ಕೊಳ್ಳುವವರಿಗೆ ಅದು ಗೊತ್ತಿರುವುದಿಲ್ಲ.

ಹುಡುಗ ಕಣ್ಣಲ್ಲೇ ಕೇಳುತ್ತಿದ್ದ: ಎಷ್ಟು ಹೇಳಲಿ ಅಣ್ಣ? ನಾನು ಮೀಟರ್ ತೋರಿಸಿದೆ. ಜಗಲಿಯಲ್ಲಿ 88 ಪರ್ಸೆಂಟ್. ಈ ಮೀಟರನ್ನೂ ಸುಮ್ಮನೆ ನಂಬಬಾರದು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪನ್ನು ಮುದ್ದೆಯಾಗುವಷ್ಟು ನೆನೆಸಿ, ಮೀಟರಿನ ಜೊತೆ ಗಾಳಿಯಾಡದ ಚೀಲದಲ್ಲಿ ರಾತ್ರಿಯಿಡೀ ಇಟ್ಟರೆ ಅದು 75 ತೋರಿಸಬೇಕು. ನನ್ನದು 79 ತೋರಿಸುತ್ತದೆ, ಹಾಗಾಗಿ 4 ಕಳೆದು ಓದುತ್ತೇನೆ. ಆದರೂ 84. ಗಿಟಾರಿಗೆ ಹಿತವಾದದ್ದು 45ರಿಂದ 55. ಸ್ಪ್ರೂಸ್ ಹಲಗೆ ತೇವ ಕುಡಿದರೆ ಅಗಲಕ್ಕೆ ಹಿಗ್ಗುತ್ತದೆ, ಅಂಚು ಬಿಗಿಯಾಗಿ ಹಿಡಿದಿರುವುದರಿಂದ ನಡುವೆ ಉಬ್ಬುತ್ತದೆ, ಉಬ್ಬಿದ ಜೊತೆಗೆ ಬ್ರಿಡ್ಜೂ ಮೇಲೇಳುತ್ತದೆ. ಆ 4 ಮಿ.ಮೀ.ನಲ್ಲಿ ಕೋನದ ಪಾಲೆಷ್ಟು, ಮಳೆಯ ಪಾಲೆಷ್ಟು ಎಂದು ಅಲ್ಲಿ ಕೂತು ಹೇಳುವುದು ಆಗದ ಮಾತು.

ಅಮ್ಮನಿಗೆ ಇದನ್ನು ವಿವರಿಸುವುದು ಸುಲಭವಾಯಿತು. "ಅಮ್ಮ, ಕಣದಿಂದ ಹಸಿ ಪಾರ್ಚ್‌ಮೆಂಟ್ ಕಾಫಿ ಎತ್ತಿಕೊಂಡು ಬಂದರೆ ವ್ಯಾಪಾರಿ ರೇಟು ಹೇಳ್ತಾನಾ? ಮಾಯಿಶ್ಚರ್ ಹತ್ತು-ಹನ್ನೊಂದಕ್ಕೆ ಬರಲಿ ಅನ್ನಲ್ವಾ?" ಅಂದೆ. ಅವರು ಮರುಮಾತಾಡದೆ ಒಪ್ಪಿದರು. ಇನ್ನೊಂದು ಮಾತನ್ನೂ ಮೊದಲೇ ಹೇಳಿದೆ: ಬೆಲೆ ಕಟ್ಟುವವನೂ ನಾನೇ, ರಿಪೇರಿ ಮಾಡುವವನೂ ನಾನೇ ಆದರೆ ನಿಮಗೆ ಅನುಮಾನ ಬರಬೇಕು. ಬೆಂಗಳೂರಿನಲ್ಲಿ ಇನ್ನೊಬ್ಬರಿಗೆ ತೋರಿಸಿ, ನನ್ನ ಅಳತೆಗಳ ಚೀಟಿ ಬರೆದು ಕೊಡುತ್ತೇನೆ. ಅವರು ಚೀಟಿ ತೆಗೆದುಕೊಂಡು ಅಣ್ಣನ ಮಗನಿಗೆ ಫೋಟೊ ಕಳಿಸಿದರು. ಗಿಟಾರನ್ನು ನನ್ನ ಜೊತೆ ಕಳಿಸಿಕೊಟ್ಟರು.

ಒಣಗಿಸಿದ್ದು

ಗಿಟಾರನ್ನು ಬಿಸಿಲಿಗಿಟ್ಟು ಒಣಗಿಸುವವರಿಗೆ ನನ್ನ ಕೈಮುಗಿತ. ಬೇಗ ಒಣಗಿದ ಮರ ಸೀಳುತ್ತದೆ, ಅಷ್ಟೇ. ನನ್ನಲ್ಲಿರುವುದು ಹಳೆಯ ಕಬ್ಬಿಣದ ಬೀರು. ಬಾಗಿಲ ಸಂದಿಗೆ ಫೋಮ್ ಪಟ್ಟಿ ಹಚ್ಚಿ, ಕೆಳಗೆ ತಟ್ಟೆಗಳಲ್ಲಿ ಸಿಲಿಕಾ ಜೆಲ್ ಹರಡಿ, ಸಣ್ಣ ಕಂಪ್ಯೂಟರ್ ಫ್ಯಾನ್ ಓಡಿಸುತ್ತೇನೆ. ಜೆಲ್ಲಿನ ನೀಲಿ ಬಣ್ಣ ಗುಲಾಬಿಯಾದಾಗ ಓವನ್ನಿನಲ್ಲಿ ಬಿಸಿ ಮಾಡಿ ಮತ್ತೆ ನೀಲಿ ಮಾಡುವುದು. ಒಮ್ಮೆಲೇ ಎಲ್ಲ ತಟ್ಟೆ ಇಡದೆ, ಕೆಲವು ದಿನಕ್ಕೆ ಐದೈದು ಪರ್ಸೆಂಟ್ ಇಳಿಯುವ ಹಾಗೆ ಒಂದೊಂದೇ ಸೇರಿಸಿದೆ. ತಂತಿಗಳನ್ನು ಬಿಚ್ಚಲಿಲ್ಲ, ಎರಡು ಸ್ವರ ಇಳಿಸಿದೆ. ಅದಕ್ಕೂ ಮುಂಚೆ ಒಳಗಿನ ಬಿಳಿ ಬೂಷ್ಟನ್ನು ಹಿತ್ತಲಿನಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಣ ಬ್ರಷ್ಷಿನಿಂದ ಬಿಡಿಸಿ ವ್ಯಾಕ್ಯೂಮಿನಲ್ಲಿ ಎಳೆದಿದ್ದೆ.

ಬೀರುವಿನ ಗಾಳಿ 50ಕ್ಕೆ ಬಂತು ಅಂದರೆ ಮರವೂ ಅಲ್ಲಿಗೆ ಬಂತು ಎಂದಲ್ಲ. ಲ್ಯಾಕರ್ ಹೊರಗಿನಿಂದ ತಡೆಯುತ್ತದೆ, ತೇವ ಹೆಚ್ಚಾಗಿ ಒಳಗಿನ ಬರೀ ಮರದಿಂದಲೇ ಹೊರಬರಬೇಕು. ಇದಕ್ಕೆ ನನ್ನ ಉಪಾಯ ತಕ್ಕಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಡಬ್ಬಿ, ಅದರ ಮೇಲೆ ಗಿಟಾರ್. ಎಂಬತ್ತರ ಮೇಲಿನ ಗಾಳಿಯಲ್ಲಿ ಮರ ತನ್ನ ತೂಕದ ಹದಿನೇಳು ಹದಿನೆಂಟು ಪರ್ಸೆಂಟಿನಷ್ಟು ನೀರು ಹಿಡಿದಿರುತ್ತದೆ, ಐವತ್ತರಲ್ಲಿ ಒಂಬತ್ತು. ಎರಡು ಕೆಜಿಯ ವಾದ್ಯದಲ್ಲಿ ಆ ವ್ಯತ್ಯಾಸ ತಕ್ಕಡಿಗೆ ಸಿಕ್ಕೇ ಸಿಗುತ್ತದೆ. ನೂರು ಗ್ರಾಮಿನ ಹತ್ತಿರ ಇಳಿದು, ಆಮೇಲೆ ಅಂಕಿ ಅಲ್ಲೇ ನಿಂತಿತು.

ಆಗ ಮತ್ತೆ ಅಳೆದೆ. ಸ್ಕೇಲ್ ಈಗ ಬಡಿಯುವುದು ಬ್ರಿಡ್ಜಿನ ನೆತ್ತಿಗಿಂತ 3 ಮಿ.ಮೀ. ಕೆಳಗೆ. ತಂತಿ 2.8. ಒಂದು ಮಿ.ಮೀ. ಮಳೆಯದ್ದಾಗಿತ್ತು. ಈಗ ಸ್ಯಾಡಲಿನಲ್ಲಿ 0.8 ತೆಗೆದರೆ ತಂತಿ ಹದಕ್ಕೆ ಬರುತ್ತದೆ, ಆದರೆ ಸ್ಯಾಡಲ್ 0.7 ಮಾತ್ರ ಉಳಿಯುತ್ತದೆ. ಅಷ್ಟು ಗಿಡ್ಡ ಸ್ಯಾಡಲಿನ ಮೇಲೆ ತಂತಿ ಸರಿಯಾಗಿ ಬಾಗಿ ಒತ್ತುವುದಿಲ್ಲ, ಸದ್ದು ಸೊರಗುತ್ತದೆ. ಸಾವಿರಾರು ರೂಪಾಯಿಯ ಸಾಧಾರಣ ಗಿಟಾರಾಗಿದ್ದರೆ ಅಷ್ಟಕ್ಕೇ ಬಿಡುತ್ತಿದ್ದೆ. ಇದಕ್ಕೆ ರೀಸೆಟ್ಟೇ ಸರಿ.

ಲೆಕ್ಕ

ನೆಟ್ಟಿನಲ್ಲಿ ಜನ ಕೇಳುತ್ತಿರುವ ಬೆಲೆಯನ್ನು ನೋಡಿ ಬೆಲೆ ಕಟ್ಟುವುದು ಬೇಡ. ಯಾರು ಏನು ಬೇಕಾದರೂ ಕೇಳಬಹುದು. ಮಾರಾಟ ಆಗಿಹೋದ ಬೆಲೆ ನೋಡಬೇಕು. ಎಪ್ಪತ್ತರ ದಶಕದ, ಚೆನ್ನಾಗಿ ನುಡಿಯುವ ಡಿ-28 ಅಮೆರಿಕದಲ್ಲಿ ಎರಡರಿಂದ ಮೂರು ಸಾವಿರ ಡಾಲರಿನ ನಡುವೆ ಕೈ ಬದಲಾಗುತ್ತದೆ. ಎಷ್ಟೋ ಜನ ಹಳೆಯದು ಅಂದಕೂಡಲೇ ಹೊಸದಕ್ಕಿಂತ ಹೆಚ್ಚು ಅಂದುಕೊಳ್ಳುತ್ತಾರೆ. ಈ ದಶಕದ ಮಾರ್ಟಿನ್‌ಗಳ ವಿಷಯದಲ್ಲಿ ಅದು ನಿಜವಲ್ಲ. ಆಗ ಬೇಡಿಕೆ ಹೆಚ್ಚಿತ್ತು, ಕಂಪನಿ ರಾಶಿ ರಾಶಿ ಮಾಡಿತು, ಒಳಗಿನ ಪಟ್ಟಿಗಳನ್ನು ದಪ್ಪವಾಗಿ ಇಟ್ಟಿತು.

ಸುಸ್ಥಿತಿಯಲ್ಲಿದ್ದರೆ ಎರಡು ಲಕ್ಷ ಅಂತ ಹಿಡಿದೆ. ಅದರಲ್ಲಿ ನೆಕ್ ರೀಸೆಟ್ ಮತ್ತು ಫ್ರೆಟ್ ಕೆಲಸಕ್ಕೆ ಮೂವತ್ತು ಸಾವಿರ, ಸೀಳು-ಪಿಕ್‌ಗಾರ್ಡಿಗೆ ಎಂಟು, ಬ್ರಿಡ್ಜು ಮತ್ತು ಒಳಗಿನ ಪಟ್ಟಿಗೆ ಏಳು, ಸ್ಯಾಡಲಿಗೆ ಐದು. ಒಟ್ಟು ಐವತ್ತು ಹೋಯಿತು. ರಿಪೇರಿಯಾದರೂ ಸೀಳು ಸೀಳೇ, ಕೀಲಿಗಳು ಮೂಲದ್ದಲ್ಲ, ಅದಕ್ಕೆ ಇಪ್ಪತ್ತು. ಉಳಿದದ್ದು ಒಂದು ಲಕ್ಷ ಮೂವತ್ತು ಸಾವಿರ. ರಿಪೇರಿ ಸೇರಿ ಹುಡುಗನಿಗೆ ಬೀಳುವುದು ಒಂದು ಎಂಬತ್ತು. ಅವನು ಅಂದುಕೊಂಡಿದ್ದಕ್ಕಿಂತ ಹೆಚ್ಚು. ಮೊದಲು ಗಿಟಾರ್ ತೆಗೆದುಕೊಂಡು ರಿಪೇರಿ ದುಡ್ಡನ್ನು ಕಂತಿನಲ್ಲಿ ಕೊಡುವುದಕ್ಕೆ ನಾನು ಒಪ್ಪಿದೆ.

ಅಣ್ಣನ ಮಗ ಫೋನಿನಲ್ಲಿ ಸ್ವಲ್ಪ ಜೋರಾಗಿಯೇ ಮಾತಾಡಿದರು. ನಾನು ವಾದ ಮಾಡಲಿಲ್ಲ. ಸ್ಕೇಲ್ ಬ್ರಿಡ್ಜಿಗೆ ಬಡಿಯುವ ಫೋಟೊ ಬೆಂಗಳೂರಿನ ಯಾವ ಗಿಟಾರ್ ರಿಪೇರಿಯವರಿಗಾದರೂ ತೋರಿಸಿ ಸಾರ್ ಅಂದೆ. ತೋರಿಸಿದರು ಅಂತ ಕಾಣುತ್ತದೆ. ಅಮ್ಮನೇ ಫೋನ್ ಮಾಡಿ, "ಆಗಲಿ ಕಣಪ್ಪ, ನುಡಿಸೋರ ಕೈಗೆ ಹೋಗಲಿ" ಅಂದರು.

ನೆಕ್ ಬಿಚ್ಚಿದ್ದು

ಆ ಕಾಲದ ಮಾರ್ಟಿನ್ ನೆಕ್ ಡವ್‌ಟೇಲ್ ಕೂಡಿನಲ್ಲಿ, ಅಂದರೆ ಪಾರಿವಾಳದ ಬಾಲದಂತೆ ಅಗಲವಾಗುವ ಮರದ ಜೋಡಣೆಯಲ್ಲಿ, ಕೂತಿರುತ್ತದೆ, ಬೋಲ್ಟ್ ಇಲ್ಲ. ಅಂಟನ್ನು ಹಬೆಯಿಂದ ಮೆತ್ತಗೆ ಮಾಡಿ ಮೇಲಕ್ಕೆ ತಳ್ಳಬೇಕು. ಮೊದಲು ದೇಹದ ಮೇಲೆ ಚಾಚಿಕೊಂಡ ಫಿಂಗರ್‌ಬೋರ್ಡಿನ (ಫ್ರೆಟ್‌ಗಳು ಕೂತಿರುವ ಹಲಗೆ) ನಾಲಿಗೆ ಬಿಡಿಸಬೇಕು. ಸುತ್ತಲಿನ ಲ್ಯಾಕರಿಗೆ ಕಾರ್ಡ್‌ಬೋರ್ಡ್, ಅದರ ಮೇಲೆ ಅಲ್ಯೂಮಿನಿಯಂ ಹಾಳೆ ಹೊದಿಸಿ, ಕಾಸಿದ ಕಬ್ಬಿಣದ ತುಂಡನ್ನು ನಾಲಿಗೆಯ ಮೇಲಿಟ್ಟು, ಬೆಣ್ಣೆ ಹಚ್ಚುವ ತೆಳು ಚಾಕುವನ್ನು ಅಂಚಿನಿಂದ ಇಷ್ಟಿಷ್ಟೇ ತೂರಿಸುತ್ತಾ ಹೋದೆ. ಇಲ್ಲಿ ಆತುರ ಪಟ್ಟರೆ ಸ್ಪ್ರೂಸಿನ ಎಳೆ ಕಿತ್ತುಕೊಂಡು ಬರುತ್ತದೆ.

ಹದಿನೈದನೇ ಫ್ರೆಟ್ಟಿಗೆ ಸಾಲ್ಡರಿಂಗ್ ಕಬ್ಬಿಣ ಹಿಡಿದು ಬಿಸಿ ಮಾಡಿ ಎತ್ತಿದೆ. ತಣ್ಣಗೆ ಕಿತ್ತರೆ ಕರಿಮರದ ಚಕ್ಕೆ ಏಳುತ್ತದೆ. ಆ ಸಂದಿಯಲ್ಲಿ ಎರಡು ಸಣ್ಣ ತೂತು ಕೊರೆದೆ. ಬೈರಿಗೆ ಒಮ್ಮೆಗೇ ಸಡಿಲಾಗಿ ಒಳಗೆ ಬಿತ್ತು ಅಂದರೆ ಕೂಡಿನ ಖಾಲಿ ಜಾಗ ಸಿಕ್ಕಿತು ಎಂದರ್ಥ. ಹಬೆಗೆ ನನ್ನ ಹಳೆಯ ಪ್ರೆಶರ್ ಕುಕ್ಕರ್: ವೆಯ್ಟ್ ತೆಗೆದು ಆ ಮೂತಿಗೆ ಸಿಲಿಕೋನ್ ಪೈಪು, ಪೈಪಿನ ತುದಿಗೆ ಬಾಸ್ಕೆಟ್‌ಬಾಲಿಗೆ ಗಾಳಿ ಹಾಕುವ ಸೂಜಿ. ಸೇಫ್ಟಿ ವಾಲ್ವನ್ನು ಯಾವತ್ತೂ ಮುಟ್ಟಬಾರದು, ಉರಿ ಸಣ್ಣಗಿರಬೇಕು. ಕಾಫಿ ಅಂಗಡಿಯವರು ಹಾಲು ನೊರೆ ಮಾಡುವ ಮಿಷಿನ್ನನ್ನು ಇದೇ ಕೆಲಸಕ್ಕೆ ಬಳಸುವ ಗಿಟಾರ್ ಕೆಲಸಗಾರರು ಹೊರದೇಶಗಳಲ್ಲಿ ಬಹಳ. ಇಷ್ಟು ಕಾಫಿ ಬೆಳೆಯುವ ಊರಿನಲ್ಲಿದ್ದುಕೊಂಡು ನಾನಿನ್ನೂ ಕುಕ್ಕರಿನಲ್ಲೇ ಇದ್ದೇನೆ.

ಹಬೆ ಲ್ಯಾಕರಿಗೆ ತಾಗಿದರೆ ಬೆಳ್ಳಗಾಗುತ್ತದೆ, ಹಾಗಾಗಿ ಒಂದು ಕೈಯಲ್ಲಿ ಬಟ್ಟೆ ಯಾವಾಗಲೂ ಇರಬೇಕು. ಹೀಲ್, ಅಂದರೆ ನೆಕ್ಕಿನ ದಪ್ಪ ಬುಡದ ಕೆಳಗೆ ಕ್ಲ್ಯಾಂಪ್ ಜಿಗ್ ಕಟ್ಟಿ, ಸ್ಕ್ರೂವನ್ನು ಕಾಲು ಸುತ್ತು, ಮತ್ತೆ ಕಾಲು ಸುತ್ತು. ಕಂದು ನೀರು ಹನಿಯಲು ಶುರುವಾಯಿತು, ಆಮೇಲೆ ಒದ್ದೆ ಮರ ಕಳಚಿಕೊಳ್ಳುವ ಸಣ್ಣ ಸದ್ದು. ನೆಕ್ ಕೈಗೆ ಬಂತು. ಅದನ್ನು ಒರೆಸಿ ಹಾಗೇ ಬೀರುವಿನಲ್ಲಿಟ್ಟೆ. ಹಬೆ ಕುಡಿದ ಕೂಡನ್ನು ತಕ್ಷಣ ಕೆತ್ತಿದರೆ ಒಣಗಿದ ಮೇಲೆ ಅಳತೆ ಬೇರೆಯಾಗುತ್ತದೆ.

ಎಷ್ಟು ಕೆತ್ತಬೇಕು ಅನ್ನುವುದು ತ್ರೈರಾಶಿ. ಡಿ-28ರಲ್ಲಿ ತಂತಿ ನುಡಿಯುವ ಉದ್ದ 645.2 ಮಿ.ಮೀ., ಹದಿನಾಲ್ಕನೇ ಫ್ರೆಟ್ಟಿನಿಂದ ಸ್ಯಾಡಲಿಗೆ ಸುಮಾರು 287. ಹೀಲ್ ಆಳ 95. ಬ್ರಿಡ್ಜಿನ ಹತ್ತಿರ 3 ಮಿ.ಮೀ. ಏರಬೇಕಾದರೆ ಹೀಲಿನ ತುದಿಯಲ್ಲಿ 95ನ್ನು 3ರಿಂದ ಗುಣಿಸಿ 287ರಿಂದ ಭಾಗಿಸಿದಷ್ಟು, ಅಂದರೆ ಬರೀ 1 ಮಿ.ಮೀ. ತೆಗೆಯಬೇಕು. ಮೇಲೆ ಫಿಂಗರ್‌ಬೋರ್ಡಿನ ಬಳಿ ಸೊನ್ನೆ. ಮೂಡಿಗೆರೆಯ ಅಳತೆಯನ್ನೇ ನಂಬಿ ಕೆತ್ತಿದ್ದರೆ 1.3 ತೆಗೆದುಬಿಡುತ್ತಿದ್ದೆ, ಫೆಬ್ರವರಿಯ ಒಣ ಗಾಳಿಗೆ ತಂತಿಗಳು ಫ್ರೆಟ್ಟಿಗೆ ತಾಗಿ ಝೇಂಕರಿಸುತ್ತಿದ್ದವು.

ಹರಿತವಾದ ಉಳಿಯಲ್ಲಿ ಹೀಲಿನ ಒಳಮೈಯನ್ನು ಸ್ವಲ್ಪ ಗುಳಿ ಮಾಡಿ, ಅಂಚನ್ನು ಮಾತ್ರ ಗೆರೆಯ ತನಕ ಇಳಿಸಿದೆ. ಕೊನೆಯ ಕೂದಲೆಳೆಯಷ್ಟನ್ನು ನೆಕ್ ಕೂರಿಸಿ, ಸಂದಿನಲ್ಲಿ ಸ್ಯಾಂಡ್‌ಪೇಪರ್ ಪಟ್ಟಿ ಸಿಕ್ಕಿಸಿ ಹೊರಗೆಳೆಯುತ್ತಾ ಸವೆಸಿದೆ. ಎಳೆದಂತೆಲ್ಲ ನೆಕ್ಕಿನ ನಡುಗೆರೆ ಎಡಬಲಕ್ಕೆ ವಾಲದಂತೆ, ಎರಡು ಬದಿಯಲ್ಲೂ ಒಂದೇ ಲೆಕ್ಕದಲ್ಲಿ. ಹೀಲ್ ತೆಗೆದಷ್ಟೂ ಕೂಡು ಸಡಿಲವಾಗುತ್ತದೆ, ಅದಕ್ಕೆ ಡವ್‌ಟೇಲಿನ ಕೆನ್ನೆಗಳಿಗೆ ಮಹಾಗನಿಯ ತೆಳು ಪಟ್ಟಿ ಹಚ್ಚಿ ಮತ್ತೆ ಹದ ಮಾಡಿದೆ. ಅಂಟಿಲ್ಲದೆ ಕೂರಿಸಿ ದೇಹ ಹಿಡಿದು ಎತ್ತಿದರೂ ನೆಕ್ ಅಲುಗದೆ ನಿಲ್ಲಬೇಕು. ನಿಂತಿತು. ಈ ಹೊಂದಿಸುವಿಕೆಯೇ ಇಡೀ ಕೆಲಸ, ಉಳಿದದ್ದೆಲ್ಲ ಅದರ ಸುತ್ತಲಿನ ಗದ್ದಲ.

ನೆಕ್ ಹಿಂದಕ್ಕೆ ವಾಲಿದ್ದರಿಂದ ಫಿಂಗರ್‌ಬೋರ್ಡಿನ ನಾಲಿಗೆಯ ತುದಿ ಮುಖದ ಹಲಗೆಯಿಂದ ಒಂದು ಮಿ.ಮೀ.ನಷ್ಟು ಮೇಲಕ್ಕೆ ನಿಂತಿತು. ಹಾಗೇ ಒತ್ತಿ ಅಂಟಿಸಿದರೆ ಕೊನೆಯ ಫ್ರೆಟ್ಟುಗಳು ಇಳಿಜಾರಾಗುತ್ತವೆ. ಕರಿಮರದ ಬೆಣೆಯೊಂದನ್ನು ಸೊನ್ನೆಯಿಂದ ಒಂದು ಮಿ.ಮೀ.ಗೆ ಉಜ್ಜಿ ಕೆಳಗೆ ಕೊಟ್ಟೆ. ಅಂಟು, ಹಳೇ ಬಡಗಿಗಳು ಹಾಕುತ್ತಿದ್ದ ಮರವಜ್ರವೇ, ಬಿಸಿ ನೀರಿನ ಪಾತ್ರೆಯಲ್ಲಿ ಕಾಯಿಸಿಟ್ಟದ್ದು. ಇನ್ನು ಮೂವತ್ತು ನಲವತ್ತು ವರ್ಷಕ್ಕೆ ಇನ್ಯಾರೋ ಇದೇ ನೆಕ್ ಮತ್ತೆ ಬಿಚ್ಚಬೇಕಾಗುತ್ತದೆ. ಎಪಾಕ್ಸಿ ಹಾಕಿ ಅವರ ಶಾಪ ಕಟ್ಟಿಕೊಳ್ಳುವುದು ಯಾಕೆ?

ಉಳಿದ ಕೆಲಸ

ಬ್ರಿಡ್ಜನ್ನು ಬಿಸಿ ಮಾಡಿ ಪೂರ್ತಿ ಎತ್ತಿ, ಹಳೆಯ ಅಂಟು ಕೆರೆದು, ಮತ್ತೆ ಕೂರಿಸಿದ್ದಾಯಿತು. ಒಳಗಿನ ರೋಸ್‌ವುಡ್ ಪಟ್ಟಿಯ ಮೂರು ತೂತುಗಳಿಗೆ ರೋಸ್‌ವುಡ್ಡಿನದೇ ಬಿಲ್ಲೆ ಕೂರಿಸಿ ಹೊಸದಾಗಿ ಕೊರೆದೆ. ಪಿಕ್‌ಗಾರ್ಡನ್ನು ಬಿಸಿ ಗಾಳಿಗೆ ಮೆತ್ತಗೆ ಮಾಡಿ ಬಿಡಿಸಿದಾಗ ಕೆಳಗೆ ಬರೀ ಮರ, ಐವತ್ತು ವರ್ಷ ಬೆಳಕು ಕಾಣದ ಬಿಳಿ ಸ್ಪ್ರೂಸ್. ಒಣಗಿದ ಮೇಲೆ ಸೀಳು ಸ್ವಲ್ಪ ಬಾಯಿ ತೆರೆದಿತ್ತು, ಬೆರಳಲ್ಲಿ ಒತ್ತಿದರೆ ಮುಚ್ಚುತ್ತಿತ್ತು. ಹಾಗಾಗಿ ಚೂರು ತುಂಬುವ ಅಗತ್ಯ ಬರಲಿಲ್ಲ. ಮರವಜ್ರ ಒಳಗಿಳಿಸಿ, ಒಳಗಿನಿಂದ ಎಳೆಗೆ ಅಡ್ಡವಾಗಿ ಒಂದೂವರೆ ಮಿ.ಮೀ. ದಪ್ಪದ ಸ್ಪ್ರೂಸ್ ತೇಪೆಗಳನ್ನು ಕೊಟ್ಟೆ. ಬರೀ ಮರಕ್ಕೆ ಲ್ಯಾಕರ್ ಹಚ್ಚಿ, ಪಿಕ್‌ಗಾರ್ಡನ್ನು ಈಗ ಎರಡೂ ಮೈಗೆ ಅಂಟಿರುವ ತೆಳು ಹಾಳೆಯಲ್ಲಿ ಕೂರಿಸಿದೆ. ಇನ್ನು ಅದು ಕುಗ್ಗಿದರೂ ಮರವನ್ನು ಎಳೆಯುವುದಿಲ್ಲ.

ಎಪ್ಪತ್ತರ ಮಾರ್ಟಿನ್‌ಗಳಲ್ಲಿ ಇನ್ನೊಂದು ರೋಗ, ಬ್ರಿಡ್ಜು ತಪ್ಪು ಜಾಗದಲ್ಲಿ ಕೂತಿರುವುದು. ನೆಕ್ಕಿನ ತಲೆಯ ಬಳಿ ತಂತಿ ಹಾಯುವ ನಟ್ಟಿನಿಂದ ಹನ್ನೆರಡನೇ ಫ್ರೆಟ್ಟಿಗೆ ಅಳೆದು ದುಪ್ಪಟ್ಟು ಮಾಡಿ ಹೋಲಿಸಿದರೆ ಮಂದ್ರದ ತಂತಿಯ ಕಡೆ ಸ್ಯಾಡಲ್ ಇರಬೇಕಾದ್ದಕ್ಕಿಂತ ಎರಡು ಮಿ.ಮೀ. ಮುಂದಿತ್ತು. ಮೇಲಿನ ಫ್ರೆಟ್ಟುಗಳಲ್ಲಿ ಶ್ರುತಿ ಏರುವುದಕ್ಕೆ ಇದೇ ಕಾರಣ. ಹಳೆಯ ಸಂದಿಗೆ ಕರಿಮರ ತುಂಬಿ, ಹಿಂದಕ್ಕೆ ಸರಿಸಿ ಹೊಸ ಸಂದಿ ತೆಗೆದೆ. ಸ್ಯಾಡಲ್ ಮೂಳೆಯದು.

ತಂತಿ ಕಟ್ಟಿ, ಶ್ರುತಿ ಮಾಡಿ, ಎಳೆತಕ್ಕೆ ಹೊಂದಿಕೊಳ್ಳಲು ಬಿಟ್ಟು ಮತ್ತೆ ಅಳೆದಾಗ ಸ್ಕೇಲ್ ಬ್ರಿಡ್ಜಿನ ನೆತ್ತಿ ಸವರುತ್ತಿತ್ತು. ಆರನೇ ತಂತಿ 2.4, ಒಂದನೆಯದು 1.8. ಮಂದ್ರದ ಕಡೆ ಸ್ಯಾಡಲ್ 4 ಮಿ.ಮೀ. ಹತ್ತಿರ ಎದ್ದು ನಿಂತಿದೆ, ಮುಂದೆ ತಗ್ಗಿಸಲು ಸಾಕಷ್ಟು ಜಾಗ. ಎರಡನೇ ತಂತಿಯಲ್ಲಿ ಒಂದು ಸಣ್ಣ ಝೇಂಕಾರ ಇತ್ತು, ಐದನೇ ಫ್ರೆಟ್ಟನ್ನು ಒಂದೆರಡು ಸಲ ಉಜ್ಜಿದ್ದಕ್ಕೆ ಹೋಯಿತು. ಸದ್ದಿನ ಬಗ್ಗೆ ಹೊಗಳಿ ಬರೆಯುವುದು ನನಗೆ ಬರುವುದಿಲ್ಲ. ಬೀಟೆಯ ಬೆನ್ನಿನ ಡಿ-28ರಲ್ಲಿ ಕೆಳಗಿನ ತಂತಿಗಳು ಮೀಟಿದ ಮೇಲೂ ಎದೆಗೆ ತಾಗಿಕೊಂಡೇ ಇರುತ್ತವೆ, ಅದು ಇದರಲ್ಲೂ ಇದೆ.

ಹುಡುಗನಿಗೆ ಮೀಟರ್, ಸಿಲಿಕಾ ಜೆಲ್ ಪೊಟ್ಟಣ ಎರಡನ್ನೂ ಕೇಸಿನಲ್ಲಿ ಹಾಕಿಕೊಟ್ಟೆ. ಮಳೆಗಾಲದಲ್ಲಿ ಒಣಗಿಸುವುದು ಎಲ್ಲರಿಗೂ ನೆನಪಿರುತ್ತದೆ. ಆದರೆ ಶಿವರಾತ್ರಿ ಕಳೆದು ಹಾಸನದ ಗಾಳಿ ಒಣಗಿದಾಗ ಜೆಲ್ ಹೊರಗೆ ತೆಗೆಯಬೇಕು, ಮೀಟರ್ 40ಕ್ಕಿಂತ ಇಳಿದರೆ ಒದ್ದೆ ಸ್ಪಾಂಜನ್ನು ತೂತಿರುವ ಸೋಪು ಡಬ್ಬಿಯಲ್ಲಿ ಹಾಕಿ ಕೇಸಿನೊಳಗಿಡಬೇಕು. ರಬ್ಬರ್ ಪಟ್ಟಿಯ ಸ್ಟ್ಯಾಂಡಿನಲ್ಲಿ ನಿಲ್ಲಿಸಬೇಡ, ನೈಟ್ರೊ ಲ್ಯಾಕರ್ ಅದಕ್ಕೆ ಕರಗಿ ಅಂಟಿಕೊಳ್ಳುತ್ತದೆ ಅಂದೆ. ಚರ್ಚಿನ ಸ್ಟ್ಯಾಂಡು ಅಂಥದ್ದೇ ಅಣ್ಣ, ಬಟ್ಟೆ ಸುತ್ತಲಾ ಅಂದ. ಹತ್ತಿ ಬಟ್ಟೆ ಸುತ್ತು, ಆದರೂ ನುಡಿಸಿದ ಮೇಲೆ ಕೇಸಿಗೇ ಹಾಕು ಅಂದೆ. ಹಳೆಯ ಮಾದರಿಯ ಗ್ರೋವರ್ ಕೀಲಿಗಳು ಸಿಕ್ಕರೆ ಹಾಕೋಣ, ತೂತುಗಳು ಹಾಗೇ ಇವೆ. ಸೀಳಿನ ಎರಡೂ ತುದಿಗೆ ಒಳಗಡೆ ಪೆನ್ಸಿಲ್ ಗುರುತು ಹಾಕಿದ್ದೇನೆ, ಮಾರ್ಚಿನಲ್ಲಿ ತಂದು ತೋರಿಸಿದಾಗ ಅದು ಗುರುತು ದಾಟಿದೆಯೋ ಇಲ್ಲವೋ ಕನ್ನಡಿ ಹಿಡಿದು ನೋಡಬೇಕು.